ಕ್ಲೋನ್‌ಗೆ ನಿಮ್ಮ ನೆನಪೂ ಬರುತ್ತದೆಯೇ? ಸಿನಿಮಾದ ಸುಳ್ಳು ಲೋಕ ಮತ್ತು ಮೊಬೈಲಿನ ನಕಲಿ ದನಿ

ಉದ್ದನೆಯ ಹಾಲ್. ಸಾಲುಸಾಲಾಗಿ ಗಾಜಿನ ಮೊಟ್ಟೆಗಳಂಥ ಪೆಟ್ಟಿಗೆಗಳು. ಒಂದೊಂದರೊಳಗೂ ಬೆಳೆಯುತ್ತಿರುವ ಒಂದೊಂದು ಕೂಸು. ಪ್ರಪಂಚದ ಮೊದಲ ಕೃತಕ ಗರ್ಭಗಳ ಕಾರ್ಖಾನೆ ಇದು, ವರ್ಷಕ್ಕೆ 30 ಸಾವಿರ ಮಕ್ಕಳು ಇಲ್ಲಿಂದ ಹೊರಬರುತ್ತವೆ, ಇನ್ನು ತಾಯಿ ಹೆರಬೇಕಾಗಿಲ್ಲ ಎಂಬ ಅರ್ಥದ ಸಾಲುಗಳೊಂದಿಗೆ ಈ ವಿಡಿಯೊ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು.

ಅಂಥ ಕಾರ್ಖಾನೆ ಎಲ್ಲೂ ಇಲ್ಲ. ‘ಎಕ್ಟೊಲೈಫ್’ ಹೆಸರಿನ ಆ ವಿಡಿಯೊವನ್ನು 2022ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದವರು ಬರ್ಲಿನ್‌ನಲ್ಲಿರುವ ಹಾಶೆಮ್ ಅಲ್-ಘೈಲಿ ಎಂಬ ವಿಜ್ಞಾನ ಸಂವಹನಕಾರ ಮತ್ತು ಚಿತ್ರ ನಿರ್ಮಾಪಕ. ಮುಂದೊಂದು ದಿನ ಹೀಗೂ ಆಗಬಹುದೇ ಎಂಬ ಕಲ್ಪನೆಯನ್ನು ಅವರು ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ತೋರಿಸಿದ್ದರು. ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರುವಾಗ ‘ಕಲ್ಪನೆ’ ಎಂಬ ಪದ ದಾರಿಯಲ್ಲೇ ಕಳಚಿ ಬಿತ್ತು.

ಜನ ನಂಬಿದ್ದಕ್ಕೆ ಒಂದು ಕಾರಣವಿದೆ. ಆ ದೃಶ್ಯ ನಮಗೆ ಹೊಸದಲ್ಲ, ಸಿನಿಮಾಗಳಲ್ಲಿ ಮೊದಲೇ ನೋಡಿದ್ದೇವೆ. 1999ರ ‘ದಿ ಮೇಟ್ರಿಕ್ಸ್’ನಲ್ಲಿ ಮನುಷ್ಯರು ಇಂಥದೇ ಪೆಟ್ಟಿಗೆಗಳಲ್ಲಿ ಮಲಗಿ, ಯಂತ್ರಗಳು ತೋರಿಸುವ ಸುಳ್ಳು ಲೋಕವನ್ನೇ ನಿಜವೆಂದು ಬದುಕುತ್ತಿರುತ್ತಾರೆ. 2005ರ ‘ದಿ ಐಲ್ಯಾಂಡ್’ನಲ್ಲಿ ಶ್ರೀಮಂತರ ಕ್ಲೋನ್‌ಗಳನ್ನು ಚೀಲಗಳಲ್ಲಿ ಬೆಳೆಸುತ್ತಾರೆ. ಸೇಡಂ, ಚಿಂಚೋಳಿ ಕಡೆಯವರು ಇವನ್ನು ಹಿಂದಿಯಲ್ಲೋ ತೆಲುಗಿನಲ್ಲೋ ಮಾತಾಡುವಂತೆ ನೋಡಿರಬಹುದು. ವಾಡಿ ಜಂಕ್ಷನ್‌ನಲ್ಲಿ ರೈಲಿಗೆ ಕಾಯುತ್ತ ಇವುಗಳ ತುಣುಕನ್ನು ಮೊಬೈಲಿನಲ್ಲಿ ನೋಡಿದವರೂ ಇರಬಹುದು. ತುಣುಕು ಮಾತ್ರ ನೋಡಿದರೆ ಅದು ಸಿನಿಮಾವೋ ಸುದ್ದಿಯೋ ಗೊತ್ತಾಗುವುದಿಲ್ಲ.

ಈ ಚಿತ್ರಗಳು ಚೆನ್ನಾಗಿವೆಯೋ ಇಲ್ಲವೋ ಎಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಇವು ಹೇಳುವುದರಲ್ಲಿ ಎಷ್ಟು ನಿಜ, ಎಷ್ಟು ಕತೆ ಎಂದು ನೋಡೋಣ. ಅದರಲ್ಲೂ ಒಂದು ತಪ್ಪು ಕಲ್ಪನೆ ಬಿಟ್ಟುಹೋದರೆ ನಿಮ್ಮ ಮನೆಯ ದುಡ್ಡು ಉಳಿಯುವ ಸಾಧ್ಯತೆ ಇದೆ. ಅದು ಕೊನೆಯಲ್ಲಿ ಬರುತ್ತದೆ.

ಮನುಷ್ಯರನ್ನು ಬ್ಯಾಟರಿ ಮಾಡಿಕೊಳ್ಳಬಹುದೇ?

‘ಮೇಟ್ರಿಕ್ಸ್’ ಪ್ರಕಾರ ಯಂತ್ರಗಳು ಮನುಷ್ಯರನ್ನು ಸಾಕುವುದು ಅವರ ಮೈಯಿಂದ ಶಕ್ತಿ ತೆಗೆಯಲಿಕ್ಕೆ. ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಸುಮಾರು 2000 ಕಿಲೋಕ್ಯಾಲರಿ ಊಟ ಮಾಡುವ ಒಬ್ಬ ಮನುಷ್ಯನ ಮೈಯಿಂದ ಹೊರಬರುವ ಶಾಖ ಸರಾಸರಿ 100 ವ್ಯಾಟ್‌ನಷ್ಟು. ಹಳೆಯ ಕಾಲದ ಒಂದು ಬಲ್ಬಿನಷ್ಟು. ಆ ಶಾಖ ಬಂದದ್ದೂ ತಿಂದ ಅನ್ನದಿಂದಲೇ. ಕೊಟ್ಟದ್ದಕ್ಕಿಂತ ಹೆಚ್ಚು ವಾಪಸ್ ಬರುವುದಿಲ್ಲ ಎಂಬುದು ಭೌತಶಾಸ್ತ್ರದ ನಿಯಮ. ವಾಡಿ, ಸೇಡಂ, ಮಳಖೇಡ ಸುತ್ತಿನ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಣ್ಣದ ಕಲ್ಲು ಕ್ಲಿಂಕರ್ ಆಗಲು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಆ ಕಾವು ಬೇಕಾದರೆ ಕುಲುಮೆಗೆ ಇಂಧನ ಸುರಿಯಬೇಕು. ಜೋಳದ ರೊಟ್ಟಿಯನ್ನು ಮನುಷ್ಯನಿಗೆ ತಿನ್ನಿಸಿ ಅವನ ಮೈಶಾಖದಿಂದ ಕರೆಂಟ್ ಮಾಡುವುದಕ್ಕಿಂತ ರೊಟ್ಟಿಯನ್ನೇ ಒಲೆಗೆ ಹಾಕಿದರೆ ಲಾಭ. ಯಂತ್ರಗಳ ಬಳಿ ಪರಮಾಣು ಸಮ್ಮಿಲನದ ಶಕ್ತಿಯೂ ಇದೆ ಎಂದು ಚಿತ್ರದಲ್ಲೇ ಒಂದು ಮಾತು ಬರುತ್ತದೆ. ಅದಿದ್ದ ಮೇಲೆ ಮನುಷ್ಯರ ಗೊಡವೆ ಯಾಕೆ ಎಂದು ಯಾರೂ ಕೇಳುವುದಿಲ್ಲ!

‘ನಾವೆಲ್ಲ ಕಂಪ್ಯೂಟರ್ ಒಳಗಿದ್ದೇವೆ ಎಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ’ ಎಂಬ ಫಾರ್ವರ್ಡ್‌ಗೂ ಇದೇ ಚಿತ್ರ ಜೊತೆಗಾರ. ಸಾಬೀತು ಮಾಡಿದವರು ಯಾರೂ ಇಲ್ಲ. ಮಾತಿನ ಮೂಲ ಸಾಮಾನ್ಯವಾಗಿ ತತ್ವಜ್ಞಾನಿ ನಿಕ್ ಬಾಸ್ಟ್ರಮ್ 2003ರಲ್ಲಿ ಬರೆದ ಒಂದು ಪ್ರಬಂಧ. ಅದರಲ್ಲಿ ಅವರು ಮೂರು ಸಾಧ್ಯತೆ ಇಡುತ್ತಾರೆ. ಅಂಥ ತಂತ್ರಜ್ಞಾನ ಬರುವ ಮೊದಲೇ ನಮ್ಮಂಥ ಜೀವಿಗಳು ನಾಶವಾಗಬಹುದು, ಬಂದರೂ ಅದನ್ನು ಹೀಗೆ ಬಳಸದೇ ಇರಬಹುದು, ಇಲ್ಲವಾದರೆ ನಾವೇ ಅಂಥ ಒಂದು ನಕಲು ಲೋಕದಲ್ಲಿರುವ ಸಂಭವ ಬಹಳ. ಮೂರರಲ್ಲಿ ಒಂದು ನಿಜವಿರಬೇಕು ಎಂಬುದಷ್ಟೇ ಅವರ ವಾದ. ಇದು ಪ್ರಯೋಗವಲ್ಲ, ತರ್ಕ. ಫಾರ್ವರ್ಡ್ ಮಾಡುವವರು ಮೊದಲ ಎರಡನ್ನು ಬಿಟ್ಟು ಮೂರನೆಯದನ್ನು ಮಾತ್ರ ಕಳಿಸುತ್ತಾರೆ. ಹಾಗೆಯೇ ‘ಈ ಜಾಗಕ್ಕೆ ಮೊದಲೇ ಬಂದಿದ್ದೆ’ ಎಂದು ಒಮ್ಮೊಮ್ಮೆ ಅನಿಸುವುದು ಲೋಕದ ಸಾಫ್ಟ್‌ವೇರ್ ಕೆಟ್ಟ ಗುರುತಲ್ಲ. ಬಹಳ ಜನರಿಗೆ ಅದು ಅನುಭವಕ್ಕೆ ಬರುತ್ತದೆ. ಮೆದುಳಿನಲ್ಲಿ ‘ಇದು ಪರಿಚಯದ್ದು’ ಎಂಬ ಸೂಚನೆ ತಪ್ಪು ಹೊತ್ತಿನಲ್ಲಿ ಎದ್ದರೆ ಹಾಗಾಗುತ್ತದೆ ಎಂಬುದು ಒಪ್ಪಿಗೆಯಾಗುವ ವಿವರಣೆ.

ಇಲ್ಲೊಂದು ಆರೋಗ್ಯದ ಮಾತು ಹೇಳಿ ಮುಂದೆ ಹೋಗಬೇಕು. 1998ರ ‘ದಿ ಟ್ರೂಮನ್ ಶೋ’ನಲ್ಲಿ ನಾಯಕನ ಇಡೀ ಊರೇ ಒಂದು ಸೆಟ್, ಹೆಂಡತಿಯಿಂದ ಗೆಳೆಯನವರೆಗೆ ಎಲ್ಲರೂ ನಟರು, ಅವನಿಗೆ ಮಾತ್ರ ಗೊತ್ತಿಲ್ಲ. ಈ ಚಿತ್ರ ಬಂದ ಮೇಲೆ, ತಮ್ಮ ಬದುಕನ್ನೂ ಹೀಗೇ ಕ್ಯಾಮೆರಾದಲ್ಲಿ ತೋರಿಸುತ್ತಿದ್ದಾರೆ ಎಂದು ಗಟ್ಟಿಯಾಗಿ ನಂಬಿದ ರೋಗಿಗಳನ್ನು ಅಮೆರಿಕದ ಮನೋವೈದ್ಯ ಜೋಯಲ್ ಗೋಲ್ಡ್ ಕಂಡರು. ತಮ್ಮ ಸೋದರ ಇಯಾನ್ ಗೋಲ್ಡ್ ಜೊತೆ ಸೇರಿ ಅದಕ್ಕೆ ‘ಟ್ರೂಮನ್ ಶೋ ಭ್ರಮೆ’ ಎಂದೇ ಹೆಸರಿಟ್ಟರು. ಕಾಯಿಲೆ ತಂದದ್ದು ಸಿನಿಮಾ ಅಲ್ಲ. ಒಳಗಿದ್ದ ಭ್ರಮೆ ಆಯಾ ಕಾಲದ ಬಟ್ಟೆ ತೊಡುತ್ತದೆ: ಹಿಂದೆ ಮಾಟ, ಆಮೇಲೆ ರೇಡಿಯೊ, ಈಗ ಕ್ಯಾಮೆರಾ ಮತ್ತು ಚಿಪ್. ಮನೆಯಲ್ಲಿ ಯಾರಾದರೂ ‘ಎಲ್ಲರೂ ನಾಟಕ ಮಾಡುತ್ತಿದ್ದಾರೆ, ನನ್ನನ್ನು ನೋಡುತ್ತಿದ್ದಾರೆ’ ಎಂದು ನಿದ್ದೆ ಬಿಟ್ಟು ಕೂತರೆ ಅವರೊಡನೆ ವಾದ ಮಾಡಬೇಡಿ, ನಗಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಕನ್ನಡದ ಸುಳ್ಳು ಲೋಕ: ‘ಲೂಸಿಯಾ’ ಗುಳಿಗೆ ನಿಜವಾಗಿ ಇದೆಯೇ?

ಸುಳ್ಳು ಲೋಕದ ಕತೆಗೆ ನಾವು ಹಾಲಿವುಡ್‌ವರೆಗೆ ಹೋಗಬೇಕಿಲ್ಲ. ಪವನ್ ಕುಮಾರ್ ಅವರ ‘ಲೂಸಿಯಾ’ 2013ರ ಸೆಪ್ಟೆಂಬರ್‌ನಲ್ಲಿ ತೆರೆಗೆ ಬಂತು. ದೊಡ್ಡ ನಿರ್ಮಾಪಕರು ಸಿಗದೆ, ಪ್ರೇಕ್ಷಕರಿಂದಲೇ ಹಣ ಕೂಡಿಸಿ ಮಾಡಿದ ಚಿತ್ರ ಅದು. ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ರೂಪಾಯಿ ಕೊಟ್ಟರು. ಥಿಯೇಟರಿನಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ಹುಡುಗನಿಗೆ (ಸತೀಶ್ ನೀನಾಸಂ) ನಿದ್ದೆ ಬರುವುದಿಲ್ಲ. ಯಾರೋ ಒಂದು ಗುಳಿಗೆ ಕೊಡುತ್ತಾರೆ. ನುಂಗಿ ಮಲಗಿದರೆ ಕನಸಿನಲ್ಲಿ ಅವನು ದೊಡ್ಡ ಸಿನಿಮಾ ನಟ. ರಾತ್ರಿಯಿಂದ ರಾತ್ರಿಗೆ ಕನಸು ಧಾರಾವಾಹಿಯಂತೆ ಮುಂದುವರಿಯುತ್ತದೆ. ಯಾವುದು ಕನಸು, ಯಾವುದು ಬದುಕು ಎಂಬುದು ಕೊನೆಯಲ್ಲಿ ತಲೆಕೆಳಗಾಗುತ್ತದೆ. ಇನ್ನೂ ನೋಡದವರಿಗಾಗಿ ಇಷ್ಟಕ್ಕೇ ನಿಲ್ಲಿಸುತ್ತೇನೆ. ಈ ಪಟ್ಟಿಯ ಎಷ್ಟೋ ಇಂಗ್ಲಿಷ್ ಚಿತ್ರಗಳಿಗಿಂತ ಇದು ನನಗೆ ಹೆಚ್ಚು ಇಷ್ಟ. ಇಲ್ಲಿ ಲೋಕವನ್ನು ಸುಳ್ಳು ಮಾಡುವುದು ರಾಕ್ಷಸ ಯಂತ್ರವಲ್ಲ, ಒಬ್ಬ ಮನುಷ್ಯನ ಆಸೆ.

ವಿಜ್ಞಾನಕ್ಕೆ ಬಂದರೆ, ‘ಇದು ಕನಸು’ ಎಂಬ ಅರಿವಿನೊಂದಿಗೇ ಕನಸು ಕಾಣುವುದು ನಿಜ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು ಒಂದು ಉಪಾಯ ಮಾಡಿದರು. ಕನಸಿನಲ್ಲಿ ಮೈಯ ಸ್ನಾಯುಗಳು ಸಡಿಲಗೊಂಡು ಅಲುಗಾಡದೆ ಇರುತ್ತವೆ, ಆದರೆ ಕಣ್ಣಾಲಿ ಹೊರಳುತ್ತದೆ. ಕನಸು ಎಂದು ತಿಳಿದ ಕೂಡಲೇ ಮೊದಲೇ ಮಾತಾಡಿಕೊಂಡಂತೆ ಕಣ್ಣನ್ನು ಎಡಕ್ಕೂ ಬಲಕ್ಕೂ ಎಣಿಸಿ ಹೊರಳಿಸು ಎಂದು ಹೇಳಿ ಮಲಗಿಸಿದರು. ನಿದ್ದೆಯಲ್ಲಿದ್ದವನಿಂದ ಆ ಸಂಕೇತ ಬಂತು, ಯಂತ್ರದಲ್ಲಿ ದಾಖಲಾಯಿತು. ಮರೆವಿನ ಕಾಯಿಲೆಗೆ ಕೊಡುವ ಗ್ಯಾಲಂಟಮೈನ್ ಎಂಬ ಔಷಧದಿಂದ ಇಂಥ ಕನಸುಗಳ ಸಂಭವ ಹೆಚ್ಚಿತು ಎಂದು 2018ರ ಒಂದು ಅಧ್ಯಯನ ಹೇಳಿದೆ. ಆದರೆ ಕನಸಿನಲ್ಲಿ ಇನ್ನೊಂದು ಬದುಕನ್ನೇ ಕಟ್ಟಿಕೊಡುವ ಗುಳಿಗೆ ಇಲ್ಲ. ‘ಲೂಸಿಯಾ ಮಾತ್ರೆ ಸಿಗುತ್ತದೆ’ ಎಂದು ಯಾರಾದರೂ ಆನ್‌ಲೈನ್‌ನಲ್ಲಿ ಮಾರಲು ಬಂದರೆ ಅದರೊಳಗೆ ಏನಿದೆಯೋ ದೇವರಿಗೇ ಗೊತ್ತು. ನಿದ್ದೆ ಮಾತ್ರೆಯನ್ನು ಡಾಕ್ಟರ ಚೀಟಿಯಿಲ್ಲದೆ ನುಂಗುವುದು ಅಪಾಯ, ಮದ್ಯದ ಜೊತೆ ನುಂಗಿದರೆ ಉಸಿರೇ ನಿಲ್ಲಬಹುದು.

ಕ್ಲೋನ್ ಎಂದರೆ ಏನು? ನಿಮ್ಮ ಹೊಲದಲ್ಲೇ ಇರಬಹುದು

ಸಿನಿಮಾ ನೋಡಿ ನೋಡಿ ‘ಕ್ಲೋನ್’ ಎಂದರೆ ನಮಗೆ ಝೆರಾಕ್ಸ್ ಮಾಡಿದ ಮನುಷ್ಯ ಕಾಣುತ್ತಾನೆ. ನಿಜವಾದ ಅರ್ಥ ಸಪ್ಪೆ. ಒಂದು ಜೀವಿಯ ಡಿಎನ್‌ಎಯನ್ನೇ ಹೊತ್ತ ಇನ್ನೊಂದು ಜೀವಿ, ಅಷ್ಟೇ. ದಾಸವಾಳದ ಕೊಂಬೆ ಕಡಿದು ನೆಟ್ಟರೆ ಅದು ಕ್ಲೋನ್. ಕಬ್ಬಿನ ತುಂಡು ಹೂತರೆ ಬರುವುದು ಕ್ಲೋನ್. ಅಂಗಡಿಯ ಜಿ-9 ಬಾಳೆ ಹೆಚ್ಚಾಗಿ ಲ್ಯಾಬಿನ ಅಂಗಾಂಶ ಕೃಷಿಯಿಂದ ಬಂದ ಸಸಿಯದು, ಎಲ್ಲವೂ ಒಂದೇ ಗಿಡದ ನಕಲು. ಅವಳಿ ಮಕ್ಕಳಲ್ಲಿ ಒಂದೇ ಅಂಡದಿಂದ ಹುಟ್ಟಿದ ಏಕರೂಪಿಗಳು ಪ್ರಕೃತಿಯೇ ಮಾಡಿದ ಕ್ಲೋನ್‌ಗಳು. ಸಾವಿರ ಹೆರಿಗೆಯಲ್ಲಿ ಮೂರು-ನಾಲ್ಕು ಇಂಥವು.

ತೊಗರಿ ಮಾತ್ರ ಕ್ಲೋನ್ ಅಲ್ಲ. ಅದು ಬೀಜದಿಂದ ಬರುತ್ತದೆ. ಜೇನುನೊಣಗಳು ಹೂವಿನಿಂದ ಹೂವಿಗೆ ಪರಾಗ ಒಯ್ಯುವುದರಿಂದ ತಳಿ ಕಲೆಯುತ್ತಲೂ ಇರುತ್ತದೆ. ಇದರಲ್ಲಿ ರೈತರಿಗೆ ಒಂದು ಲಾಭವಿದೆ. ತೊಗರಿಯ ಗಿಡವನ್ನು ನಿಂತಲ್ಲೇ ಒಣಗಿಸುವ ನೆಟೆ ರೋಗ ನಿಮಗೆ ಗೊತ್ತಿದೆ. ಅದನ್ನು ತರುವುದು ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ. ತೊಗರಿಯಲ್ಲಿ ಗಿಡಕ್ಕೆ ಗಿಡ ವ್ಯತ್ಯಾಸ ಇದ್ದುದರಿಂದಲೇ ರೋಗ ತಡೆಯುವ ಗಿಡಗಳನ್ನು ಆಯ್ದು, ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆ ‘ಮಾರುತಿ’ ತಳಿ ರೂಪಿಸಲು ಆಯಿತು. 1986ರಲ್ಲಿ ಅದು ಕರ್ನಾಟಕದ ರೈತರಿಗೆ ಸಿಕ್ಕಿತು. ಅದೇ ಫ್ಯುಸೇರಿಯಂ ಕುಲದ ಇನ್ನೊಂದು ಶಿಲೀಂಧ್ರ ಬಾಳೆಗೆ ಬಂದಾಗ ಆದದ್ದೇ ಬೇರೆ. ‘ಗ್ರಾಸ್ ಮಿಷೆಲ್’ ಎಂಬ ಬಾಳೆ ಒಂದು ಕಾಲಕ್ಕೆ ಪ್ರಪಂಚದ ಮಾರುಕಟ್ಟೆ ಆಳುತ್ತಿತ್ತು. ಎಲ್ಲ ಗಿಡವೂ ಒಂದರ ನಕಲೇ ಆಗಿದ್ದರಿಂದ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬಂತು. 1960ರ ಹೊತ್ತಿಗೆ ಆ ವ್ಯಾಪಾರವೇ ಮುಗಿಯಿತು. ಕ್ಲೋನ್ ಸೈನ್ಯ ಕಟ್ಟಿ ಲೋಕ ಗೆಲ್ಲಲು ಹೊರಡುವ ಸಿನಿಮಾ ಖಳರು ಒಮ್ಮೆ ಬಾಳೆ ಬೆಳೆಗಾರರನ್ನು ಕೇಳಬೇಕು. ಒಂದು ಜ್ವರ ಸಾಕು, ಸೈನ್ಯ ಪೂರಾ ಮಲಗುತ್ತದೆ.

ಡಾಲಿಯಿಂದ ಗರಿಮಾವರೆಗೆ

ಸಸ್ಯಗಳಲ್ಲಿ ಸುಲಭವಾದದ್ದು ಪ್ರಾಣಿಗಳಲ್ಲಿ ಬಹಳ ಕಷ್ಟ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ 5ರಂದು ಹುಟ್ಟಿದ ಡಾಲಿ ಎಂಬ ಕುರಿ, ಬೆಳೆದ ಸಸ್ತನಿಯ ಜೀವಕೋಶದಿಂದ ಆದ ಮೊದಲ ಕ್ಲೋನ್. ವಿಧಾನ ಹೀಗಿದೆ. ಒಂದು ಕುರಿಯ ಕೆಚ್ಚಲಿನ ಜೀವಕೋಶ ತೆಗೆದರು. ಇನ್ನೊಂದು ಕುರಿಯ ಅಂಡದೊಳಗಿನ ಕೋಶಕೇಂದ್ರ ತೆಗೆದುಹಾಕಿದರು. ವಿದ್ಯುತ್ತಿನ ಮಿಡಿತ ಕೊಟ್ಟು ಇವೆರಡನ್ನೂ ಬೆಸೆದರು. ಅದು ಭ್ರೂಣವಾಗಿ ಬೆಳೆಯಲು ಶುರುವಾದ ಮೇಲೆ ಮೂರನೆಯ ಕುರಿಯ ಗರ್ಭದಲ್ಲಿ ಇಟ್ಟರು. ಹೀಗೆ ಬೆಸೆದ ಅಂಡಗಳು 277, ಭ್ರೂಣ ಎನ್ನುವ ಹಂತಕ್ಕೆ ಬಂದವು 29, ಹುಟ್ಟಿದ್ದು ಒಂದೇ ಮರಿ.

ನಮ್ಮ ದೇಶದಲ್ಲೂ ಇದು ಆಗಿದೆ, ಅದೂ ನಾವು ಹಾಲು ಕರೆಯುವ ಎಮ್ಮೆಯಲ್ಲಿ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ 2009ರ ಫೆಬ್ರವರಿಯಲ್ಲಿ ಹುಟ್ಟಿದ ಕ್ಲೋನ್ ಕರು ಕೆಲವೇ ದಿನಗಳಲ್ಲಿ ಸತ್ತಿತು. ಅದೇ ಜೂನ್‌ನಲ್ಲಿ ‘ಗರಿಮಾ’ ಹುಟ್ಟಿತು, ಎರಡು ವರ್ಷ ಬದುಕಿತು. 2010ರಲ್ಲಿ ಹುಟ್ಟಿದ ‘ಗರಿಮಾ-2’ ದೊಡ್ಡದಾಗಿ, 2013ರಲ್ಲಿ ತಾನೂ ಒಂದು ಕರು ಹಾಕಿತು. ಅದೇ ಸಂಸ್ಥೆಯಲ್ಲಿ 2023ರ ಮಾರ್ಚ್‌ನಲ್ಲಿ ಗೀರ್ ತಳಿಯ ಕ್ಲೋನ್ ಹೆಣ್ಣುಗರು ‘ಗಂಗಾ’ ಹುಟ್ಟಿತು.

ಗಮನಿಸಬೇಕಾದ ಸಂಗತಿ: ಡಾಲಿ ಹುಟ್ಟಿದ್ದು ಮರಿಯಾಗಿ, ಗರಿಮಾ ಹುಟ್ಟಿದ್ದು ಕರುವಾಗಿ. ನಿಮ್ಮದೇ ಕ್ಲೋನ್ ಆಗುವುದಿದ್ದರೂ ಅದು ಯಾವಳೋ ತಾಯಿಯ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಇದ್ದು, ಕೂಸಾಗಿ ಹುಟ್ಟಿ, ಅಂಬೆಗಾಲಿಟ್ಟು, ಶಾಲೆಗೆ ಹೋಗಬೇಕು. ನಿಮಗೆ ಐವತ್ತಾದರೆ ಅದಕ್ಕೆ ಒಂದು. ‘ದಿ ಐಲ್ಯಾಂಡ್’ ಅಥವಾ 2000ದ ‘ದಿ ಸಿಕ್ಸ್ತ್ ಡೇ’ ತೋರಿಸುವ ಹಾಗೆ ಸಿದ್ಧವಾದ ದೊಡ್ಡ ಮನುಷ್ಯ ಪೆಟ್ಟಿಗೆಯಿಂದ ಎದ್ದು ಬರುವುದಿಲ್ಲ.

ಮನುಷ್ಯರ ಕ್ಲೋನ್ ಆಗಿದೆಯೇ? ಇಲ್ಲ. 2002ರ ಡಿಸೆಂಬರ್‌ನಲ್ಲಿ ಕ್ಲೋನೇಡ್ ಎಂಬ ಸಂಸ್ಥೆ ‘ಈವ್’ ಎಂಬ ಮಗುವನ್ನು ಕ್ಲೋನ್ ಮಾಡಿದ್ದೇವೆ ಎಂದು ಪತ್ರಿಕಾಗೋಷ್ಠಿ ಕರೆದು ಹೇಳಿತು. ಡಿಎನ್‌ಎ ಪರೀಕ್ಷೆಗೆ ಮಗುವನ್ನು ಮಾತ್ರ ತೋರಿಸಲಿಲ್ಲ. ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್ ಕ್ಲೋನ್ ಮಾಡಿದ ಮಾನವ ಭ್ರೂಣಗಳಿಂದ ಕಾಂಡಕೋಶ ತೆಗೆದೆ ಎಂದು ಪ್ರಕಟಿಸಿದ ಲೇಖನಗಳು ಸುಳ್ಳೆಂದು ತಿಳಿದು, 2006ರಲ್ಲಿ ಅವನ್ನು ಹಿಂತೆಗೆಯಲಾಯಿತು. ಚೀನಾದಲ್ಲಿ ಮಂಗಗಳ ಕ್ಲೋನ್ ಆಗಿದೆ ಎಂದು 2018ರಲ್ಲಿ ಪ್ರಕಟವಾಯಿತು. ಅಲ್ಲೂ 79 ಭ್ರೂಣಗಳಿಂದ ಬದುಕಿದ್ದು ಎರಡು ಮರಿ. ಭಾರತದಲ್ಲಿ ಮನುಷ್ಯರನ್ನು ಹುಟ್ಟಿಸುವ ಕ್ಲೋನಿಂಗ್‌ಗೆ ಐಸಿಎಂಆರ್ ಮಾರ್ಗಸೂಚಿಯ ನಿಷೇಧವಿದೆ. ಹಾಗಾಗಿ ‘ಆ ನಾಯಕ ಸತ್ತುಹೋಗಿದ್ದಾರೆ, ಈಗಿರುವುದು ಅವರ ಕ್ಲೋನ್’ ಎಂಬಂಥ ಫಾರ್ವರ್ಡ್ ಬಂದರೆ ಅಳಿಸಿಹಾಕಲು ಯೋಚನೆ ಮಾಡಬೇಕಿಲ್ಲ.

‘ದಿ ಐಲ್ಯಾಂಡ್’ ಬಗ್ಗೆ ಒಂದು ತಮಾಷೆ ಸಂಗತಿ. ಅದು ಬಂದಾಗ, 1979ರ ‘ಪಾರ್ಟ್ಸ್: ದಿ ಕ್ಲೋನಸ್ ಹಾರರ್’ ಚಿತ್ರ ಮಾಡಿದವರು ‘ಇದು ನಮ್ಮ ಕತೆ’ ಎಂದು ಕೋರ್ಟಿಗೆ ಹೋದರು. ಕೊನೆಗೆ ರಾಜಿ ಆಯಿತು. ಕ್ಲೋನ್ ಕತೆಯೇ ಕ್ಲೋನ್ ಎಂಬ ದೂರು!

ಕ್ಲೋನ್ ನೀವೇ ಆಗುವುದಿಲ್ಲ, ಯಾಕೆ?

ಶಹಾಬಾದ್‌ನ ಖಣಿಯಲ್ಲಿ ಒಂದೇ ಪದರಿನಿಂದ ಸೀಳಿ ತೆಗೆದ ಎರಡು ಫರಸಿ ಕಲ್ಲು ತೆಗೆದುಕೊಳ್ಳಿ. ಒಂದನ್ನು ಅಡುಗೆಮನೆಗೆ ಹಾಕಿ, ಇನ್ನೊಂದನ್ನು ಅಂಗಳಕ್ಕೆ. ಇಪ್ಪತ್ತು ವರ್ಷದ ಮೇಲೆ ಒಂದರ ಮೇಲೆ ಎಣ್ಣೆ ಕಲೆ, ಇನ್ನೊಂದರ ಮೇಲೆ ಗಾಡಿಯ ಗೀರು. ಡಿಎನ್‌ಎ ಖಣಿಯ ಹಾಗೆ. ಕಲ್ಲು ಮುಂದೆ ಹೇಗೆ ಸವೆಯುತ್ತದೆ ಎಂಬುದು ಅದರಲ್ಲಿ ಬರೆದಿರುವುದಿಲ್ಲ.

ಏಕರೂಪಿ ಅವಳಿಗಳ ಬೆರಳಚ್ಚು ಕೂಡ ಒಂದೇ ಇರುವುದಿಲ್ಲ. ಗರ್ಭದೊಳಗಿನ ಒತ್ತಡ, ದ್ರವ, ಬೆಳವಣಿಗೆಯ ಸಣ್ಣ ಹೆಚ್ಚುಕಮ್ಮಿಗಳಿಂದ ಗೆರೆಗಳು ಬೇರೆಯಾಗುತ್ತವೆ. ಅಮೆರಿಕದ ಟೆಕ್ಸಾಸ್‌ನಲ್ಲಿ 2001ರ ಕೊನೆಗೆ ಮೊದಲ ಕ್ಲೋನ್ ಬೆಕ್ಕು ಹುಟ್ಟಿತು. ಮೂಲ ಬೆಕ್ಕಿಗೆ ಮೂರು ಬಣ್ಣದ ಮಚ್ಚೆ, ನಕಲಿಗೆ ಎರಡೇ ಬಣ್ಣ. ಸತ್ತ ಬೆಕ್ಕನ್ನು ವಾಪಸ್ ತರಿಸಬಹುದು ಎಂದುಕೊಂಡವರಿಗೆ ಅದೊಂದು ನಿರಾಸೆ.

ಚರ್ಮದ ಬಣ್ಣದ್ದೇ ಈ ಕತೆಯಾದರೆ ನೆನಪಿನದು ಕೇಳಬೇಕೇ? ನೆನಪು ಡಿಎನ್‌ಎಯಲ್ಲಿ ಇರುವುದಿಲ್ಲ. ಮನುಷ್ಯನ ಮೆದುಳಿನಲ್ಲಿ ಸುಮಾರು 86 ಶತಕೋಟಿ ನರಕೋಶಗಳಿವೆ. ಅವುಗಳ ನಡುವಿನ ಬೆಸುಗೆಗಳು ಬದುಕಿನ ಉದ್ದಕ್ಕೂ ಗಟ್ಟಿಯಾಗುತ್ತ, ಸಡಿಲವಾಗುತ್ತ ಹೋಗುವುದರಲ್ಲಿ ನೆನಪು ಕೂಡಿರುತ್ತದೆ. ಅಜ್ಜಿ ಹೇಳಿದ ಕತೆ, ಮೊದಲ ಸಲ ರೈಲು ಹತ್ತಿದ ದಿನ, ಯಾರ ಮೇಲೋ ಇರುವ ಸಿಟ್ಟು, ಯಾವುದೂ ಕ್ಲೋನ್‌ಗೆ ದಾಟುವುದಿಲ್ಲ. ಮೆದುಳಿನ ಬೆಸುಗೆಗಳ ಪೂರ್ತಿ ನಕ್ಷೆ ತೆಗೆಯುವುದು ಎಷ್ಟು ಕಷ್ಟ ಎಂದರೆ, ಬೆಳೆದ ಹಣ್ಣುನೊಣದ ಇಡೀ ಮೆದುಳಿನ, ಅಂದರೆ ಸುಮಾರು 1 ಲಕ್ಷ 40 ಸಾವಿರ ನರಕೋಶಗಳ ನಕ್ಷೆ ಪ್ರಕಟವಾದದ್ದೇ 2024ರಲ್ಲಿ.

ಸಿನಿಮಾಗಳು ಸಲೀಸಾಗಿ ದಾಟುವುದು ಇದೇ ಹೊಳೆಯನ್ನು. ‘ದಿ ಸಿಕ್ಸ್ತ್ ಡೇ’ಯಲ್ಲಿ ಕಣ್ಣಿನ ಮೂಲಕ ನೆನಪನ್ನು ನಕಲು ತೆಗೆಯುತ್ತಾರೆ. 2009ರ ‘ಮೂನ್’ನಲ್ಲಿ ಚಂದ್ರನ ಮೇಲೆ ದುಡಿಯುವವನಿಗೆ ತಾನು ಕ್ಲೋನ್ ಎಂಬುದೇ ಗೊತ್ತಿಲ್ಲ, ಏಕೆಂದರೆ ಹೆಂಡತಿ ಮಗಳ ನೆನಪನ್ನು ಅವನಿಗೆ ತುಂಬಿಬಿಟ್ಟಿದ್ದಾರೆ. ಕತೆಗೆ ಅದು ಬೇಕು. ನೆನಪು ಇಲ್ಲದ ನಕಲು ಬರೀ ಅಪರಿಚಿತ, ಅವನಿಂದ ಕಣ್ಣೀರು ಬರುವುದಿಲ್ಲ. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡ ಚಿತ್ರ 1978ರ ‘ದಿ ಬಾಯ್ಸ್ ಫ್ರಮ್ ಬ್ರೆಜಿಲ್’. ಹಿಟ್ಲರನ 94 ಕ್ಲೋನ್ ಹುಡುಗರನ್ನು ಹುಟ್ಟಿಸಿದ ಖಳನಿಗೆ ಡಿಎನ್‌ಎ ಸಾಲದು ಎಂದು ಗೊತ್ತು. ಹಿಟ್ಲರನ ತಂದೆ ಸತ್ತ ವಯಸ್ಸಿಗೇ ಆ ಹುಡುಗರ ಸಾಕುತಂದೆಯರನ್ನೂ ಕೊಲ್ಲಿಸಲು ಹೊರಡುತ್ತಾನೆ.

ಈಗ ನಿಮ್ಮ ಮೊಬೈಲಿಗೆ ಬರೋಣ

ಮೈಯ ಕ್ಲೋನ್ ಆಗಲಿಲ್ಲ, ಆದರೆ ದನಿಯ ಮತ್ತು ಮುಖದ ಕ್ಲೋನ್ ಆಗಿಹೋಗಿದೆ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಒಂದು ಸಂಶೋಧನೆಯಲ್ಲಿ ದನಿ ಅನುಕರಿಸಲು ಕಂಪ್ಯೂಟರಿಗೆ ಮೂರೇ ಸೆಕೆಂಡಿನ ಮಾದರಿ ಸಾಕಾಗಿತ್ತು. ನೀವು ಸ್ಟೇಟಸ್‌ಗೆ ಹಾಕಿದ ಮಗನ ಹಾಡು ಅದಕ್ಕಿಂತ ಉದ್ದ. ಅದೇ ವರ್ಷ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ಮೈಗೆ ಅಂಟಿಸಿದ ವಿಡಿಯೊ ಹರಡಿತು. ಡಿಸೆಂಬರ್‌ನಲ್ಲಿ ಎನ್. ಆರ್. ನಾರಾಯಣ ಮೂರ್ತಿಯವರು, ತಮ್ಮ ಹೆಸರಲ್ಲಿ ಟ್ರೇಡಿಂಗ್ ಆ್ಯಪ್ ಹೊಗಳುವ ವಿಡಿಯೊಗಳು ನಕಲಿ ಎಂದು ತಾವೇ ಎಚ್ಚರಿಸಬೇಕಾಯಿತು.

ಕೇರಳದ ಕೋಝಿಕ್ಕೋಡ್‌ನಲ್ಲಿ 2023ರಲ್ಲಿ ಒಬ್ಬ ನಿವೃತ್ತ ನೌಕರರಿಗೆ ಹಳೆಯ ಸಹೋದ್ಯೋಗಿಯಿಂದ ವಾಟ್ಸಾಪ್ ವಿಡಿಯೊ ಕರೆ ಬಂತು. ಮುಖ ಅವರದೇ, ದನಿ ಅವರದೇ. ಸಂಬಂಧಿಕರ ಆಪರೇಷನ್‌ಗೆ ತುರ್ತು ಎಂದು ಕೇಳಿದ್ದಕ್ಕೆ ಇವರು 40 ಸಾವಿರ ರೂಪಾಯಿ ಕಳಿಸಿದರು. ಮತ್ತೆ ಕೇಳಿದಾಗ ಅನುಮಾನ ಬಂದು, ತಮ್ಮ ಬಳಿ ಮೊದಲಿಂದ ಇದ್ದ ಗೆಳೆಯನ ನಂಬರಿಗೆ ಫೋನ್ ಮಾಡಿದರು. ಗೆಳೆಯ ಕರೆ ಮಾಡಿಯೇ ಇರಲಿಲ್ಲ. 2024ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಇನ್ನೂ ದೊಡ್ಡದು ನಡೆಯಿತು. ವಿಡಿಯೊ ಮೀಟಿಂಗ್‌ನಲ್ಲಿದ್ದ ಮೇಲಧಿಕಾರಿ, ಸಹೋದ್ಯೋಗಿಗಳೆಲ್ಲ ನಕಲಿ. ಅವರ ಮಾತು ನಂಬಿದ ಕಂಪನಿಯ ನೌಕರನೊಬ್ಬ 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದ. ಇದಕ್ಕಿಂತ ಪಕ್ಕಾ ‘ಸುಳ್ಳು ಲೋಕ’ ಯಾವ ಸಿನಿಮಾದಲ್ಲಿದೆ?

ನಕಲು ಮುಖ ಪತ್ತೆ ಮಾಡುವ ಕತೆ ನಮ್ಮಲ್ಲಿ ಬಹಳ ಹಳೆಯದು. ಕನಕದಾಸರ ‘ನಳಚರಿತ್ರೆ’ ಕೇಳಿದವರಿಗೆ ದಮಯಂತಿಯ ಸ್ವಯಂವರ ನೆನಪಿರುತ್ತದೆ. ನಾಲ್ವರು ದೇವತೆಗಳು ನಳನ ರೂಪ ಹೊತ್ತು ಅವನ ಪಕ್ಕದಲ್ಲೇ ಕೂತಿದ್ದರು. ದೇವತೆಗಳು ರೆಪ್ಪೆ ಮಿಟುಕಿಸುವುದಿಲ್ಲ, ಬೆವರುವುದಿಲ್ಲ ಎಂಬ ಗುರುತಿನಿಂದ ದಮಯಂತಿ ನಿಜವಾದ ನಳನನ್ನು ಕಂಡುಹಿಡಿದಳು ಎನ್ನುತ್ತದೆ ಮಹಾಭಾರತದ ಕತೆ. 2018ರಲ್ಲಿ ಅಮೆರಿಕದ ಸಂಶೋಧಕ ಸಿವೈ ಲ್ಯು ಮತ್ತು ತಂಡದವರು ಡೀಪ್‌ಫೇಕ್ ಪತ್ತೆಗೆ ಹುಡುಕಿದ ಗುರುತೂ ಅದೇ, ಆಗಿನ ನಕಲಿ ಮುಖಗಳು ಸರಿಯಾಗಿ ಕಣ್ಣು ಮಿಟುಕಿಸುತ್ತಿರಲಿಲ್ಲ! ಆದರೆ ಸ್ವಲ್ಪವೇ ದಿನದಲ್ಲಿ ನಕಲಿ ಮಾಡುವವರು ಮಿಟುಕಿಸಲು ಕಲಿಸಿದರು. ಹಾಗಾಗಿ ‘ಬೆರಳು ಎಣಿಸಿ, ರೆಪ್ಪೆ ನೋಡಿ’ ಎಂಬ ಸಲಹೆಯ ಫಾರ್ವರ್ಡ್‌ಗಳನ್ನು ಪೂರ್ತಿ ನಂಬಿ ಕೂಡಬೇಡಿ. ಇವತ್ತಿನ ಗುರುತು ನಾಳೆ ಕೆಲಸಕ್ಕೆ ಬರುವುದಿಲ್ಲ.

ಬದಲಿಗೆ ಮೇಲೆ ಹೇಳಿದ ನೆನಪಿನ ವಿಷಯ ಬಳಸಿ. ದನಿಯ ಕ್ಲೋನ್‌ಗೆ ನಿಮ್ಮ ಮಗನ ನೆನಪಿಲ್ಲ. ಚಿತ್ತಾಪುರದಿಂದಲೋ ಚಿಂಚೋಳಿಯಿಂದಲೋ ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋದ ಮಕ್ಕಳ ಮನೆ ಬಹಳ. ರಾತ್ರಿ ಹೊಸ ನಂಬರಿನಿಂದ ‘ಅಪ್ಪಾ, ಆಕ್ಸಿಡೆಂಟ್ ಆಗ್ಯಾದ, ಲಗೂನ ರೊಕ್ಕ ಹಾಕು’ ಎಂದು ಮಗನ ದನಿಯೇ ಅತ್ತರೆ ಎದೆ ಒಡೆಯುತ್ತದೆ. ಒಡೆದರೂ ಒಂದು ಪ್ರಶ್ನೆ ಕೇಳಿ: ‘ಹೋದ ಪಂಚಮಿಗೆ ಜೋಕಾಲಿ ಎಲ್ಲಿ ಕಟ್ಟಿದ್ವಿ?’ ಪ್ರಶ್ನೆ ಫೇಸ್‌ಬುಕ್‌ನಲ್ಲಿ ಉತ್ತರ ಸಿಗದಂಥದ್ದಾಗಿರಬೇಕು. ತಂಗಿಯ ಹೆಸರು, ಊರಿನ ಹೆಸರು ಕೇಳಿದರೆ ಉಪಯೋಗವಿಲ್ಲ. ಕೋಝಿಕ್ಕೋಡ್‌ನ ಮೋಸಗಾರ ಕೂಡ ಪರಿಚಯದವರ ಹೆಸರು ಹೇಳಿಯೇ ನಂಬಿಸಿದ್ದ. ಪ್ರಶ್ನೆ ಕೇಳಿದ ಕೂಡಲೇ ಸಿಟ್ಟಾದರೆ, ಲೈನ್ ಕಟ್ ಆದರೆ, ‘ಪೊಲೀಸರು ಮಾತಾಡುತ್ತಾರೆ’ ಎಂದು ಬೇರೆಯವರ ಕೈಗೆ ಹೋದರೆ ಅನುಮಾನ ಪಡಿ. ಆ ಮೇಲೆ ಫೋನ್ ಇಟ್ಟು, ನಿಮ್ಮ ಬಳಿ ಮೊದಲಿಂದ ಇರುವ ಮಗನ ನಂಬರಿಗೆ, ಅದು ಹತ್ತದಿದ್ದರೆ ಅವನ ರೂಮಿನ ಗೆಳೆಯನಿಗೆ ಕರೆ ಮಾಡಿ. ಬೇಕಾದರೆ ಇವತ್ತೇ ಊಟಕ್ಕೆ ಕೂತಾಗ ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಿ. ಅದನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಬೇಡಿ, ಬಾಯಲ್ಲೇ ಹೇಳಿ.

ದುಡ್ಡು ಹೋಗಿಯೇಬಿಟ್ಟಿದ್ದರೆ ನಾಚಿಕೆಪಟ್ಟು ಕೂಡಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ ಇಲ್ಲವೇ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಒಂದೆರಡು ಗಂಟೆಯಲ್ಲೇ ಹೆಚ್ಚು. ಕರೆ ಬಂದ ನಂಬರ್, ಹಣ ಹೋದ ಖಾತೆ ಅಥವಾ ಯುಪಿಐ ಐಡಿ, ವಹಿವಾಟಿನ ಸಂಖ್ಯೆ ಇವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಮಾತಾಡಿ.